ಊರಿಗೆಂದು ಬಿಟ್ಟ ಜಾಗ

ಬೆಂಗಳೂರಿನ ಜಯನಗರದಲ್ಲಿ ಮನೆಯ ದಾರಿ ಹೇಳಲು ಮೂರೇ ಮಾತು ಸಾಕಿತ್ತು: ಬ್ಲಾಕು, ಮೇನು, ಕ್ರಾಸು. ಹುಳಿಮಾವಿನಲ್ಲಿ ಹಾಗಲ್ಲ. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ತಿರುಗಿ, ಬೇಕರಿ ದಾಟಿ, ರಸ್ತೆ ಇದ್ದಕ್ಕಿದ್ದಂತೆ ಸಣ್ಣದಾಗುವ ಕಡೆ ಎಡಕ್ಕೆ ಹೊರಳಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಗೇಟು ಅನ್ನುವಷ್ಟರಲ್ಲಿ ಕೇಳುವವರಿಗೇ ಸಾಕಾಗಿ, "ಲೊಕೇಶನ್ ಕಳಿಸಿಬಿಡಿ ಸಾರ್" ಅನ್ನುತ್ತಾರೆ.

ಹುಟ್ಟಿ ಬೆಳೆದದ್ದು ಅಲ್ಲಿ, ಈಗ ಇರುವುದು ಇಲ್ಲಿ. ಅಪ್ಪ ಕಟ್ಟಿಸಿದ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಬಿಲ್ಡರ್ ಕೈ ಸೇರಿ, ಬಂದ ದುಡ್ಡು ಹಿಡಿದು ದಕ್ಷಿಣಕ್ಕೆ ಸರಿದವರು ನನ್ನ ಓರಗೆಯವರಲ್ಲಿ ಬೇಕಾದಷ್ಟು ಜನ. ನಾಲ್ಕು ಬಾಡಿಗೆ ಮನೆ ಬಂದಲ್ಲಿ ಅಪ್ಪನ ಸಂಪಿಗೆ ಮರಕ್ಕೆ ಜಾಗ ಇರಲಿಲ್ಲ. ಅದರ ದುಃಖ ಹೇಗೋ ಆರಿತು. ಆರದೇ ಉಳಿದದ್ದು ಮನೆಯ ಹೊರಗಿನದು.

ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ನಕ್ಷೆ ಬರೆದವರು ಮನೆಗಳಿಗೆ ಎಷ್ಟು ಜಾಗ ಕೊಟ್ಟರೋ, ಮನೆಯಲ್ಲದ್ದಕ್ಕೂ ಅಷ್ಟೇ ಮುತುವರ್ಜಿಯಿಂದ ಜಾಗ ಬಿಟ್ಟರು. ಸರ್ಕಲ್ಲು, ಪಾರ್ಕು, ಮೈದಾನ, ಸಾಲುಮರದ ಕೆಳಗೆ ಇಬ್ಬರು ಜೊತೆಯಾಗಿ ನಡೆಯಬಹುದಾದ ಫುಟ್‌ಪಾತು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ತರಕಾರಿಗೆಂದು ಹೋದ ಅಮ್ಮ ಒಂದು ಗಂಟೆ ತಡವಾಗಿ ಬಂದರೆ, ಯಾರೋ ಸಿಕ್ಕಿರಬೇಕು ಅಂದುಕೊಳ್ಳುತ್ತಿದ್ದೆವು. ಅಲ್ಲೇ ಪುಟ್ಟಣ್ಣ ಥಿಯೇಟರ್, ಅಲ್ಲೇ ಸರ್ಕಾರಿ ಕಚೇರಿ, ಪಕ್ಕದಲ್ಲೇ ಬಸ್‌ಸ್ಟ್ಯಾಂಡು. ಮೈದಾನದಲ್ಲಿ ಬೌಲಿಂಗ್ ಮಾಡುತ್ತಿದ್ದವನು ಹೂವಿನಂಗಡಿಯವರ ಮಗ, ಕೀಪರ್ ನಿಂತವನು ಇಂಜಿನಿಯರ್ ಮಗ. ಯಾರ ಮಗ ಎಂದು ಕೇಳುವ ಅಗತ್ಯವೇ ಬರುತ್ತಿರಲಿಲ್ಲ.

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದ ಮೇಲೆ ಇದೆಲ್ಲ ಕಾಯ್ದೆಯ ಮಾತಾಯಿತು. ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಪಾರ್ಕು, ಆಟದ ಮೈದಾನಕ್ಕೆ ಕನಿಷ್ಠ ಶೇ 15, ಶಾಲೆ ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮತ್ತೆ ಶೇ 10. ನೂರು ಎಕರೆಯಲ್ಲಿ ಇಪ್ಪತ್ತೈದು ಎಕರೆ ಯಾರ ಮನೆಗೂ ಅಲ್ಲ, ಊರಿಗೆ. ಅದರಲ್ಲಿ ನಾಗರಿಕ ಸೌಲಭ್ಯದ ಪಾಲು ಜನರ ಬಾಯಲ್ಲಿ ಸಿಎ (ಸಿವಿಕ್ ಅಮೆನಿಟಿ) ಸೈಟು. ಅದನ್ನೂ ಕಬಳಿಸಿದವರುಂಟು, ಆ ಕಥೆ ಬೇರೆ. ಕಬಳಿಸಲಾದರೂ ಒಂದು ಜಾಗ ಇತ್ತಲ್ಲ!

ಹುಳಿಮಾವಿಗೆ ಆ ನಕ್ಷೆ ತಲುಪಲಿಲ್ಲ. ಅಕ್ಕಪಕ್ಕದಲ್ಲಿ ಗೃಹನಿರ್ಮಾಣ ಸೊಸೈಟಿಗಳು ಮಾಡಿದ ಬಡಾವಣೆಗಳು ಬಂದವು: ಅರಕೆರೆಯಲ್ಲಿ ಮೈಕೋ ಲೇಔಟು, ಬಿಳೇಕಹಳ್ಳಿಯಲ್ಲಿ ವಿಜಯಾ ಬ್ಯಾಂಕ್ ಲೇಔಟು. (ಮೈಕೋ 2008ರಲ್ಲಿ ಬಾಷ್ ಆಯಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು, ಎರಡೂ ಹೆಸರು ಉಳಿದಿರುವುದು ಈಗ ಆಟೋದವರ ಬಾಯಲ್ಲಿ.) ಮಿಕ್ಕ ಕಡೆ ಹೊಲಕ್ಕೆ ಗೂಟ ಹೊಡೆದು ಮಾರಿದ ರೆವಿನ್ಯೂ ಸೈಟುಗಳು. ಬಂಡಿದಾರಿಯೇ ಕ್ರಾಸ್ ಆಯಿತು. ಎರಡು ಎತ್ತು ಹೋಗಲು ಬಿಟ್ಟ ದಾರಿಯಲ್ಲಿ ಇಂದು ಶಾಲೆಯ ಬಸ್ಸೂ ನೀರಿನ ಟ್ಯಾಂಕರೂ ಎದುರುಬದುರು ನಿಂತು ಹಾರ್ನ್ ಹೊಡೆಯುತ್ತವೆ.

ಹಾಗೆಂದು ಹುಳಿಮಾವು ನಕ್ಷೆಯಿಲ್ಲದ ಊರು ಅನ್ನಲಾರೆ. ನೀರು ತಗ್ಗಿಗೆ ಹರಿಯುವುದನ್ನು ನೋಡಿ ಕೆರೆಗೆ ಏರಿ ಕಟ್ಟಿದವರು, ತೂಬು ಎಲ್ಲಿ, ಕೋಡಿ ಎಲ್ಲಿ, ಮನೆ ಎಲ್ಲಿ ಕಟ್ಟಬಾರದು ಎಂಬುದನ್ನು ಗೊತ್ತುಮಾಡಿಕೊಂಡೇ ಊರು ಹೂಡಿದ್ದರು. ಬಂಡೆಯೊಳಗಿನ ಗುಹೆಯಲ್ಲಿ ದೇವರನ್ನಿಟ್ಟರು. ಅದೂ ಊರಿಗೆಂದು ಬಿಟ್ಟ ಜಾಗವೇ. ಬಿಡಿಎ ಶೇಕಡಾ ಲೆಕ್ಕ ಹಾಕುವ ಎಷ್ಟೋ ಮೊದಲಿನ ವ್ಯವಸ್ಥೆ ಅದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಈ ಭಾಗ ಮಹಾನಗರದೊಳಗೆ ಬಂತು. ಅಷ್ಟು ಹೊತ್ತಿಗೆ ಹಳೆಯ ನಕ್ಷೆ ಮರೆತುಹೋಗಿತ್ತು, ಹೊಸದು ಬಂದಿರಲಿಲ್ಲ. 2019ರ ನವೆಂಬರ್ 24ರ ಭಾನುವಾರ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ತಗ್ಗು ಯಾವುದು ಎಂಬುದನ್ನು ನೀರು ಮರೆತಿರಲಿಲ್ಲ.

ಈಗ ನಕ್ಷೆಯಿರುವುದು ಕಾಂಪೌಂಡಿನ ಒಳಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿದೆ, ಜಾಗಿಂಗ್ ಟ್ರ್ಯಾಕಿದೆ, ಜಾರುಬಂಡೆಯ ಕೆಳಗೆ ರಬ್ಬರ್ ನೆಲ ಕೂಡ ಇದೆ. ಜಯನಗರದ ಪಾರ್ಕುಗಳಲ್ಲಿ ಇಷ್ಟು ಚೊಕ್ಕಟ ನಾನು ಕಂಡಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮಹಡಿಯಲ್ಲಿ ಕೆಲಸ ಮಾಡುವಾಕೆ ಮಗಳನ್ನೂ ಕರೆತರುತ್ತಿದ್ದಳು. ಹುಡುಗಿ ಜೋಕಾಲಿ ಹತ್ತಿದ್ದನ್ನು ಯಾರೋ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಸಂಜೆಯ ಹೊತ್ತಿಗೆ ಗೇಟಿನಲ್ಲಿ ಹೊಸ ಬೋರ್ಡು: ಆಟದ ಜಾಗ ನಿವಾಸಿಗಳ ಮಕ್ಕಳಿಗೆ ಮಾತ್ರ. ಮಾರನೆಯ ದಿನದಿಂದ ಆ ಹುಡುಗಿ, ಅಮ್ಮನ ಕೆಲಸ ಮುಗಿಯುವ ತನಕ, ಸರ್ವಿಸ್ ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.