ಭದ್ರೆಯ ನಡುಗಡ್ಡೆಯಲ್ಲಿ ಹಕ್ಕಿಗಳ ಇರುಳು

ಮಾಯಕೊಂಡವೆಂದೊಡನೆ 1748ರ ಕಾಳಗ ನೆನಪಾಗುತ್ತದೆ. ಚಿತ್ರದುರ್ಗದ ಹಿರೇಮದಕರಿನಾಯಕನು ಮಡಿದ ನೆಲವಿದು. ಈ ಊರಿಗೂ ಕಡಲಿಗೂ ನಡುವೆ ಸಹ್ಯಾದ್ರಿಯೇ ಅಡ್ಡವಾಗಿ ನಿಂತಿರುವುದರಿಂದ, ಇಲ್ಲಿಯ ಮಕ್ಕಳು ಕಡಲಕ್ಕಿಯನ್ನು ಕಾಣಬೇಕಾದರೆ ಚಳಿಗಾಲದಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋಗಬೇಕು. ಆದರೆ ಕಡಲಕ್ಕಿಯ ಕುಟುಂಬಕ್ಕೇ ಸೇರಿದ ನದಿ ರೀವವೆಂಬ ಹಕ್ಕಿ ನಮಗೆ ಹತ್ತಿರದ ಭದ್ರಾ ಹಿನ್ನೀರಿನಲ್ಲಿಯೇ ಸಂಸಾರ ಹೂಡುತ್ತದೆ. ಅದನ್ನು ನೋಡಲೆಂದೇ ಒಂದು ಬೇಸಿಗೆಯಲ್ಲಿ ನಾವು ಮಾಯಕೊಂಡದಿಂದ ಲಕ್ಕವಳ್ಳಿಗೆ ಹೊರಟೆವು. ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದೆ ಮುಂದೆ ಸಾಗುವುದು ತರವಲ್ಲ. ಅದರ ಮಾತು ಇನ್ನೊಮ್ಮೆ ಆಡೋಣ. ಚನ್ನಗಿರಿ, ಭದ್ರಾವತಿಗಳನ್ನು ದಾಟಿ ಹಿನ್ನೀರಿನ ದಡ ಸೇರುವಾಗ ಬಿಸಿಲು ಇಳಿದಿತ್ತು.

ಬೂದು ಬೆನ್ನು, ಕರಿಯ ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ. ಗೂಡೆಂಬುದು ಹೆಸರಿಗೆ ಮಾತ್ರ. ಬರಿಯ ನೆಲದಲ್ಲಿ ತೋಡಿದ ಸಣ್ಣ ಕುಳಿ, ಅದರಲ್ಲಿ ಎರಡು ಮೂರು ಮೊಟ್ಟೆ. ಹಗಲಿನ ಸುಡುಬಿಸಿಲಿನಲ್ಲಿ ತಾಯ್ತಂದೆಗಳು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ. ಇರುಳಿನಲ್ಲಿ ಅದೇ ಮೈ ಕಾವು ಕೊಡುತ್ತದೆ.

ಮರವಿಲ್ಲದೆ, ಮರೆಯಿಲ್ಲದೆ ಈ ಹಕ್ಕಿಗಳು ನಿದ್ರಿಸುವುದು ಹೇಗೆಂದು ಜೊತೆಗಿದ್ದ ಮಕ್ಕಳು ಕೇಳಿದರು. ಸುತ್ತಲಿನ ನೀರೇ ಅವುಗಳಿಗೆ ಕೋಟೆ. ಕಡಲಕ್ಕಿಗಳೂ ಹೀಗೆಯೇ ಮರಳ ದಿಣ್ಣೆಯ ಮೇಲೋ ತೆರೆದ ನೀರಿನ ಮೇಲೋ ಗುಂಪಾಗಿ ತಂಗುತ್ತವೆ. ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ, ಹಲವೊಮ್ಮೆ ಒಂಟಿಕಾಲಿನಲ್ಲಿ ನಿಂತು ಮಲಗುತ್ತವೆ. ನಿದ್ದೆಯ ನಡುವೆ ಆಗಾಗ ಕಣ್ಣು ತೆರೆದು ಸುತ್ತ ನೋಡುವುದೂ ಉಂಟು. ಕೆಲವು ಹಕ್ಕಿಗಳಿಗೆ ಮೆದುಳಿನ ಅರ್ಧವನ್ನು ಮಲಗಿಸಿ ಉಳಿದರ್ಧವನ್ನು ಎಚ್ಚರವಾಗಿಡುವ ಶಕ್ತಿಯಿದೆ. ಬಾತುಗಳ ಸಾಲಿನಲ್ಲಿ ಅಂಚಿನ ಹಕ್ಕಿಯು ಹೊರಬದಿಯ ಕಣ್ಣನ್ನು ತೆರೆದೇ ನಿದ್ರಿಸುವುದನ್ನು ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಕಡಲ ಮೇಲೆ ದಿನಗಟ್ಟಲೆ ಹಾರುವ ಫ್ರಿಗೇಟ್ ಹಕ್ಕಿ ಹಾರುತ್ತಲೇ ದಿನಕ್ಕೆ ಸುಮಾರು 42 ನಿಮಿಷ ಮಾತ್ರ ನಿದ್ರಿಸುತ್ತದೆಂದು 2016ರಲ್ಲಿ ತಿಳಿದುಬಂತು. ನೆಲಕ್ಕಿಳಿದಾಗ ಅದಕ್ಕೆ 12 ಗಂಟೆಯೂ ಸಾಲದು!

ಕತ್ತಲಾದ ಮೇಲೆ ನಡುಗಡ್ಡೆಯ ಸದ್ದು ಕುಗ್ಗಿತೇ ಹೊರತು ಅಡಗಲಿಲ್ಲ. ದಡದಲ್ಲಿ ಯಾರೋ ಹಾಯಿಸಿದ ಬ್ಯಾಟರಿಯ ಬೆಳಕಿಗೆ ಒಂದು ಹಕ್ಕಿ ಕೂಗಿತು, ಮರುಕ್ಷಣವೇ ಹಿಂಡೆಲ್ಲ ಕೂಗಿತು. ಹೀಗೆ ಬೆದರಿ ತಾಯಿ ಎದ್ದು ಹಾರಿದರೆ ಮೊಟ್ಟೆಗಳು ಕಾವಿಲ್ಲದೆ ಉಳಿಯುತ್ತವೆ. ನೋಡಲು ಹೋಗುವ ಕುಟುಂಬಗಳು ಹಗಲಿನಲ್ಲಿಯೇ, ದೂರದಿಂದಲೇ ನೋಡಿದರೆ ಒಳ್ಳೆಯದು. ನದಿ ರೀವವು ಇಂದು ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯವರಿಗೇ ಸೇರಿದ್ದು. ದಾವಣಗೆರೆ, ಹರಿಹರಗಳ ಗದ್ದೆಗಳಿಗೆ ಭದ್ರಾ ನಾಲೆಯ ನೀರು ಹರಿದಂತೆಲ್ಲ ಜಲಾಶಯ ಇಳಿಯುತ್ತದೆ, ಮುಳುಗಿದ್ದ ದಿಣ್ಣೆಗಳು ತಲೆಯೆತ್ತುತ್ತವೆ. ನಮ್ಮ ಬೇಸಿಗೆಯ ಭತ್ತವೇ ಆ ಹಕ್ಕಿಗಳಿಗೆ ಹಾಸಿಗೆಯನ್ನು ಬಿಡಿಸಿಕೊಡುತ್ತದೆಯೆನ್ನಬಹುದು. ಮುಂಗಾರು ಬಿದ್ದು ನೀರು ಏರತೊಡಗಿದರೆ ಅದೇ ನೆಲ ಮತ್ತೆ ಮುಳುಗುತ್ತದೆ. ಅಷ್ಟರೊಳಗೆ ಮರಿಗಳಿಗೆ ರೆಕ್ಕೆ ಬಲಿತಿರಬೇಕು.