ಬೋಟಿಗೆ ಕೈ ಹಾಕುವ ಮೊದಲು

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಮಂಡ್ಯದ ಕಡೆ ಹಳ್ಳಿಗಳಲ್ಲಿ ಆವತ್ತು ಕೋಳಿ ಕೂಗುವ ಹೊತ್ತಿಗೇ ಗುಡ್ಡೆ ಬಾಡಿನ ಸಡಗರ ಶುರು. ಹತ್ತಿಪ್ಪತ್ತು ಮನೆಯವರು ದುಡ್ಡು ಕೂಡಿಸಿ, ಕೆಲವು ಕಡೆ ವರ್ಷವಿಡೀ ಚೀಟಿ ಕಟ್ಟಿ, ಕುರಿಯನ್ನೋ ಮೇಕೆಯನ್ನೋ ತಂದು ಕೊಯ್ದು ಪಾಲು ಹಾಕುತ್ತಾರೆ. ಆ ಪಾಲು ಹಾಕುವುದನ್ನು ನೋಡಬೇಕು. ತೊಡೆಯ ತುಂಡು ಒಂದು ಗುಡ್ಡೆಗೆ ಬಿತ್ತೆಂದರೆ ಎಲ್ಲ ಗುಡ್ಡೆಗೂ ಬೀಳಲೇಬೇಕು. ಲಿವರ್ ಚೂರು, ಬೋಟಿ (ಹೊಟ್ಟೆ, ಕರುಳು) ಚೂರು, ಗುಂಡಿಗೆಯ ಚೂರು, ಎಲ್ಲಕ್ಕೂ ಅದೇ ಲೆಕ್ಕ. 'ನಂಗೆ ಬೋಟಿ ಬ್ಯಾಡ ಕಣಪ್ಪ, ಬರೀ ಮೆತ್ತನೆ ಬಾಡು ಹಾಕು' ಅಂದವರನ್ನು ನಾನು ಕಂಡಿಲ್ಲ. ಜೀವ ತೆಗೆದ ಮೇಲೆ ಅದರಲ್ಲಿ ಬಿಸಾಡುವಂಥದ್ದು ಉಳಿಯಬಾರದು ಅನ್ನುವುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆಸುತ್ತಾರೆ.

ಹಾಗೆ ಬೆಳೆದ ನನಗೆ ಬೆಂಗಳೂರಿನ ಮಕ್ಕಳನ್ನು ಕಂಡಾಗ ಸಂಕಟವಾಗುತ್ತದೆ. ಮಾಂಸ ತಿನ್ನುವ ಮನೆಯಲ್ಲೇ ಹುಟ್ಟಿದವರು, ಬಿರಿಯಾನಿ ಅಂದರೆ ಪ್ರಾಣ ಬಿಡುವವರು, ಆದರೆ ಲಿವರ್ ಅಂದರೆ ಮುಖ ಸಿಂಡರಿಸುತ್ತಾರೆ. ಫೋನಿನಲ್ಲಿ ತರಿಸಿದ ಬೋನ್‌ಲೆಸ್ ತುಂಡಿಗೆ ಮೂಳೆಯೂ ಇಲ್ಲ, ಚರ್ಮವೂ ಇಲ್ಲ, ಅದು ಯಾವ ಪ್ರಾಣಿಯದೆಂದು ಹೇಳುವ ಗುರುತೇ ಇಲ್ಲ. ರುಚಿ ಹಿಡಿಸದೆ ಬಿಟ್ಟರೆ ಬಿಡಲಿ, ಅದು ಅವರವರ ನಾಲಿಗೆ. ರುಚಿಯನ್ನೇ ನೋಡದೆ ಬಿಡುತ್ತಾರಲ್ಲ, ಅದು ನನಗೆ ನುಂಗಲಾರದ್ದು.

ತಂಗಿಯ ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ದಿನ ತಾನಾಗಿ ಕೇಳಿದಳು, 'ದೊಡ್ಡಮ್ಮ, ಬೋಟಿ ಗೊಜ್ಜು ಮಾಡೋದು ಹೇಳ್ಕೊಡ್ತೀರಾ? ನಾನು ಇದುವರೆಗೂ ತಿಂದೇ ಇಲ್ಲ.' ಬೋಟಿ ಆಮೇಲೆ, ಮೊದಲು ಲಿವರ್ ಅಂದೆ. ಒಳಗಿನ ಭಾಗಗಳಲ್ಲಿ ಮೊದಲ ಸಲಕ್ಕೆ ಒಗ್ಗುವುದು ಅದೇ. ಬೇಗ ಬೇಯುತ್ತದೆ, ಮೂಳೆ ನಾರಿನ ತಕರಾರಿಲ್ಲ.

ಅಂಗಡಿಗೆ ಇಬ್ಬರೂ ಹೋದೆವು. ಒಳ್ಳೆಯ ಲಿವರ್ ಕಡುಗೆಂಪಾಗಿ ಹೊಳೆಯುತ್ತಿರುತ್ತದೆ, ಬೆರಳಿಟ್ಟರೆ ನುಣ್ಣಗೆ ಜಾರುತ್ತದೆ. ಬಣ್ಣ ಮಾಸಿ ಅಂಟಂಟಾಗಿದ್ದರೆ, ಹುಳಿ ವಾಸನೆ ಬಂದರೆ ಮುಟ್ಟಬಾರದು. ಪಕ್ಕಕ್ಕೆ ಅಂಟಿಕೊಂಡಿರುವ ಹಸಿರು ಪಿತ್ತದ ಚೀಲವನ್ನು ಒಡೆಯದಂತೆ ತೆಗೆಯಬೇಕು. ಅದು ಸೋರಿದರೆ ಸುತ್ತಲ ಮಾಂಸವೆಲ್ಲ ಕಹಿ. ಮನೆಗೆ ಬಂದು ಮೇಲಿನ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿದೆವು, ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿದೆವು. ಎಣ್ಣೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಚಿಟಿಕೆ ಅರಿಶಿನ. ಅದರ ಮೇಲೆ ಲಿವರ್ ಬಿದ್ದದ್ದೇ ತಡ, ಕೆಂಪು ಹೋಗಿ ಬೂದುಬಣ್ಣ ಬಂತು. ಅಲ್ಲಿಂದ ಮುಂದೆ ಒಲೆ ಬಿಟ್ಟು ಕದಲಬಾರದು. ಚೂರು ಮುರಿದರೆ ಒಳಗೆ ಕೆಂಪು ಇರಬಾರದು, ಹಾಗಂತ ಇನ್ನೂ ಇರಲಿ ಎಂದು ಬಿಟ್ಟರೆ ಗಟ್ಟಿಯಾಗಿ ಹಲ್ಲಿಗೆ ಪುಡಿಪುಡಿ ಸಿಗುತ್ತದೆ. ಕೊನೆಗೆ ಉಪ್ಪು, ಕುಟ್ಟಿದ ಕರಿಮೆಣಸು, ಕೊತ್ತಂಬರಿ. ಹುಡುಗಿ ಮೊದಲ ಚೂರನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಮಟನ್ ಥರ ಇಲ್ಲ, ಬೇರೇನೇ ಇದೆ' ಅಂದಳು. ನಿಜ, ಬೇರೆಯೇ. ಬಾಣಲೆ ತಳ ಕಾಣುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.

ಒಳಭಾಗಗಳೆಂದರೆ ಹೇಸುವವರ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಒಂದು ಪ್ರಯೋಗ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಒಳ್ಳೊಳ್ಳೆಯ ಮಾಂಸವೆಲ್ಲ ಸೈನಿಕರಿಗೂ ಮಿತ್ರರಾಷ್ಟ್ರಗಳಿಗೂ ಹೋಗುತ್ತಿತ್ತು. ಮನೆಗಳಲ್ಲಿ ಗುಂಡಿಗೆ, ಮೂತ್ರಪಿಂಡದಂಥವನ್ನು ಬೇಯಿಸಲಿ ಎಂದು ಸರ್ಕಾರದ ಆಸೆ, ಹೆಂಗಸರು ಒಪ್ಪಲೊಲ್ಲರು. ಊಟದ ರೂಢಿಗಳನ್ನು ಅರಿಯಲು ಸಮಿತಿಯೊಂದನ್ನು ಮಾಡಿದರು, ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅದರ ಕಾರ್ಯದರ್ಶಿ. ಮನೋವಿಜ್ಞಾನಿ ಕರ್ಟ್ ಲೆವಿನ್ ಗೃಹಿಣಿಯರ ಆರು ಗುಂಪು ಮಾಡಿ, ಮೂರಕ್ಕೆ ಚೆಂದದ ಭಾಷಣ ಕೊಡಿಸಿದ: ಜೀವಸತ್ವ ಎಷ್ಟು, ದುಡ್ಡೆಷ್ಟು ಉಳಿತಾಯ, ದೇಶಕ್ಕೇನು ಲಾಭ. ಉಳಿದ ಮೂರು ಗುಂಪಿನವರನ್ನು ಮಾತುಕತೆಗೆ ಕೂರಿಸಿದ. ಬೇಯುವಾಗ ವಾಸನೆ ಬರುತ್ತದೆ, ಗಂಡ ತಿನ್ನುವುದಿಲ್ಲ, ಇದಕ್ಕೇನು ಮಾಡೋಣ ಎಂದೆಲ್ಲ ಚರ್ಚಿಸಿ, ಕೊನೆಗೆ ಕೈಯೆತ್ತಿ ಒಪ್ಪಿದರು. ಆಮೇಲೆ ವಿಚಾರಿಸಿದರೆ, ಭಾಷಣ ಕೇಳಿದವರಲ್ಲಿ ಹಿಂದೆಂದೂ ಮಾಡದ ಅಂಥ ಮಾಂಸವನ್ನು ಬಡಿಸಿದವರು 100ಕ್ಕೆ 3, ಕೂತು ಮಾತಾಡಿಕೊಂಡವರಲ್ಲಿ 100ಕ್ಕೆ 32. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೇಸಿಗೆ ಹೋಗುವುದು ಪಕ್ಕದಲ್ಲಿ ನಿಂತವರಿಂದ. ನಮ್ಮ ಹಟ್ಟಿ ಮುಂದೆ ಅತ್ತೆ, ಸೊಸೆ, ಓರಗಿತ್ತಿಯರು ಒಟ್ಟಿಗೆ ಕೂತು ಬೋಟಿ ತೊಳೆಯುವಾಗ ಯಾವ ಹುಡುಗಿಯೂ ಮೂಗು ಮುಚ್ಚಿಕೊಂಡದ್ದಿಲ್ಲ.

ಬೋಟಿಯ ಕೆಲಸ ಮಾತ್ರ ದೊಡ್ಡದು. ಈಗ ಅಂಗಡಿಯವರೇ 'ಅಕ್ಕ, ಬಿಸಿನೀರಿಗೆ ಹಾಕಿ ಕ್ಲೀನ್ ಮಾಡ್ಕೊಡ್ಲಾ?' ಅಂತ ಕೇಳುತ್ತಾರೆ. ಮಾಡಿಸಿಕೊಳ್ಳಿ, ಆದರೆ ಮನೆಯಲ್ಲಿ ಮತ್ತೆ ತೊಳೆಯದೆ ಒಲೆಗಿಡಬೇಡಿ. ಹೊಟ್ಟೆಯ ಒಳಮೈ ಟರ್ಕಿ ಟವಲಿನ ಹಾಗೆ ಇರುತ್ತದೆ, ಅದರ ಮೇಲೆ ಕಪ್ಪು ಪೊರೆ. ಸುಡುನೀರಿಗೆ ಅದ್ದಿ ತೆಗೆದು, ಬಿಸಿಯಿರುವಾಗಲೇ ಚಾಕುವಿನಿಂದ ಕೆರೆದರೆ ಪೊರೆ ಕಿತ್ತುಬಂದು ಬೆಳ್ಳಗಾಗುತ್ತದೆ. ನೀರು ಆರಿತೋ, ಬಿಡುವುದಿಲ್ಲ. ಕರುಳನ್ನು ಒಳಮಗ್ಗುಲು ಹೊರಕ್ಕೆ ಬರುವಂತೆ ತಿರುವಿ, ಕಲ್ಲುಪ್ಪು ಅರಿಶಿನ ಹಾಕಿ ಉಜ್ಜಿ, ನೀರು ತಿಳಿಯಾಗುವ ತನಕ ತೊಳೆಯುವುದು. ಕುಕ್ಕರಿನಲ್ಲಿ ಆರೇಳು ವಿಷಲ್. ಆಮೇಲೆ ನೆನೆಸಿದ ಕಡಲೆಕಾಳೋ, ಕಾಲವಿದ್ದರೆ ಅವರೆಕಾಳೋ, ಹುರಿದು ರುಬ್ಬಿದ ಮಸಾಲೆ, ಪಕ್ಕದಲ್ಲಿ ಬಿಸಿ ಮುದ್ದೆ. ಮಾರುಕಟ್ಟೆಯಲ್ಲಿ ದಿನವಿಡೀ ಬೋಟಿ ತೊಳೆದು, ತಲೆಕಾಲು ಸುಟ್ಟು ಕೊಡುವವರಿಗೆ ಈ ಊಟದಲ್ಲಿ ಎಷ್ಟು ಋಣ ಅನ್ನುವುದು ಅದನ್ನು ಒಂದು ಸಲ ಸ್ವಂತ ಕೈಯಲ್ಲಿ ಮಾಡಿದವರಿಗೇ ಗೊತ್ತಾಗುತ್ತದೆ. ಅವರ ಹತ್ತಿರ ಚೌಕಾಸಿ ಮಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಮತ್ತೆ ಲಿವರಿಗೆ ಬಂದರೆ, ರಕ್ತ ಕಡಿಮೆ ಇದ್ದವರಿಗೆ ಅದನ್ನು ಕೊಡಿ ಅನ್ನುತ್ತಿದ್ದರು ಹಿರಿಯರು. ಅದರ ಹಿಂದೆ ವೈದ್ಯಕೀಯದ ಒಂದು ಅಧ್ಯಾಯವೇ ಇದೆ. ಪರ್ನೀಷಿಯಸ್ ಅನೀಮಿಯಾ ಅನ್ನುವ ರಕ್ತಹೀನತೆ ಒಂದು ಕಾಲದಲ್ಲಿ ಬಂದರೆ ಸಾವೇ. 1926ರಲ್ಲಿ ಬಾಸ್ಟನ್ನಿನ ವೈದ್ಯರಾದ ಮೈನಾಟ್ ಮತ್ತು ಮರ್ಫಿ ಅಂಥ 45 ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ, ಅವರು ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ವಿಪಲ್ ಎಂಬ ವಿಜ್ಞಾನಿಯ ಜೊತೆ ಅವರಿಗೆ 1934ರ ನೊಬೆಲ್ ಬಂತು. ಲಿವರಿನಲ್ಲಿದ್ದ ಆ ಮದ್ದು ಬಿ12 ಎಂದು ತಿಳಿದದ್ದು 1948ರಲ್ಲಿ. ನಡುವೆ, 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು ಬಡ ಬಸುರಿಯರ ರಕ್ತಹೀನತೆಯ ಬೆನ್ನು ಹತ್ತಿದಳು. ಲಿವರ್ ಸಾರಕ್ಕೂ ಅಗ್ಗದ ಯೀಸ್ಟ್ ಸಾರಕ್ಕೂ ಅದು ಬಗ್ಗುವುದನ್ನು ಕಂಡಳು. ಅವಳು ಹುಡುಕುತ್ತಿದ್ದದ್ದೇ ಇಂದು ಬಸುರಿಯರಿಗೆಲ್ಲ ಕೊಡುವ ಫೋಲಿಕ್ ಆಮ್ಲ.

ಹಾಗೆಂದು ಮಿತಿ ಮೀರಬಾರದು. ಲಿವರಿನಲ್ಲಿ ಎ ಜೀವಸತ್ವ ವಿಪರೀತ, ಅದು ಮಿತಿಮೀರಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು. ಹಾಗಾಗಿ ಬಸುರಿಯರು ವೈದ್ಯರನ್ನು ಕೇಳದೆ ತಿನ್ನಬೇಡಿ. ಯೂರಿಕ್ ಆಮ್ಲ ಹೆಚ್ಚಿ ಕೀಲು ನೋಯುವ ಗೌಟ್ ಇದ್ದವರಿಗೆ ಒಳಭಾಗಗಳು ಯಾವುವೂ ಆಗಿಬರುವುದಿಲ್ಲ.

ಉಳಿದವರಿಗೆ ನನ್ನದೊಂದು ಕೋರಿಕೆ. ಬರುವ ಭಾನುವಾರ ಕಾಲು ಕಿಲೋ ಲಿವರ್ ತನ್ನಿ. ಮಾಡಿ ಗೊತ್ತಿರುವ ಅಮ್ಮನನ್ನೋ ಅತ್ತೆಯನ್ನೋ ಪಕ್ಕದ ಮನೆಯ ಅಜ್ಜಿಯನ್ನೋ ಒಲೆಯ ಹತ್ತಿರ ಕರೆದುಕೊಳ್ಳಿ, ಮನೆಯ ಮಕ್ಕಳನ್ನೂ ನಿಲ್ಲಿಸಿಕೊಳ್ಳಿ. ಅಂಗಡಿಗೆ ಮಾತ್ರ ಬೆಳಗ್ಗೆಯೇ ಹೋಗಿ. ಒಂದು ಕುರಿಗೆ ಒಂದೇ ಲಿವರ್, ಹೊತ್ತೇರಿದ ಮೇಲೆ ಸಿಗುವುದಿಲ್ಲ.