ಕೇಳಿದ್ದೊಂದು, ತಿಳಿದದ್ದೊಂದು

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ಹಿರಿಯರ ನುಡಿ. ಕಣ್ಣಾರೆ ಕಂಡದ್ದಕ್ಕೇ ಇಷ್ಟು ಎಚ್ಚರಿಕೆ ಬೇಕೆಂದ ಮೇಲೆ ಕಿವಿಯಾರೆ ಕೇಳಿದ್ದರ ಪಾಡು ಏನಾಗಬೇಕು! ಕಳೆದ ಕಾರ್ತಿಕ ಮಾಸದಲ್ಲಿ ನಾವು ನಮ್ಮ ತಮ್ಮನ ಮನೆಗೆ ಹೋಗಿದ್ದೆವು. ಸಂಜೆಯ ಪ್ರಾರ್ಥನೆಯ ವೇಳೆ ಅವನ ಮೊಮ್ಮಗಳು, ಐದು ವರ್ಷದ ಕೂಸು, ಕಣ್ಣು ಮುಚ್ಚಿ ಕೈ ಮುಗಿದು 'ಓಂ ನಮ್ಮ ಶಿವಾಯ, ಓಂ ನಮ್ಮ ಶಿವಾಯ' ಎಂದು ಭಕ್ತಿಯಿಂದ ಜಪಿಸುತ್ತಿತ್ತು. ಮನೆಮಂದಿಯೆಲ್ಲ ನಕ್ಕರು. ಅದರ ತಾಯಿ 'ನಮ್ಮ ಅಲ್ಲ ಪುಟ್ಟಿ, ನಮಃ' ಎಂದು ತಿದ್ದಿದಳು. ಮಗು ಕಣ್ಣು ಬಿಟ್ಟು, 'ನಮ್ಮ ಶಿವ ಅಲ್ವಾ? ಮತ್ತೆ ಯಾರ ಶಿವ?' ಎಂದು ಕೇಳಿತು. ಆ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿದ್ದ ದೊಡ್ಡವರಾರಿಗೂ ಥಟ್ಟನೆ ಬಾಯಿ ಬರಲಿಲ್ಲ.

ಅಂದಿನಿಂದ ಇಂಥ ಪ್ರಸಂಗಗಳು ಒಂದೊಂದಾಗಿ ನಮ್ಮ ನೆನಪಿಗೆ ಬರುತ್ತಿವೆ. ಅವುಗಳಲ್ಲಿ ಕೆಲವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಅನುಚಿತವಾಗಲಾರದು.

ನಾವು 1969ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಮಠದ ಪ್ರಸಾದ ನಿಲಯವನ್ನು ಸೇರಿದೆವು. ಹಳ್ಳಿಗಳಿಂದ ಬಂದ ನೂರಾರು ಹುಡುಗರು. ಬೆಳಗಿನ ಸಾಮೂಹಿಕ ಪ್ರಾರ್ಥನೆಯಲ್ಲಿ ಹಿರಿಯ ವಿದ್ಯಾರ್ಥಿಗಳು ಹೇಳಿಕೊಟ್ಟದ್ದನ್ನು ಕಿರಿಯರು ಕಿವಿಗೆ ಬಿದ್ದಂತೆ ಹೇಳುವುದು ವಾಡಿಕೆ. ವರ್ಷದ ಕೊನೆಯಲ್ಲಿ ಧರ್ಮಬೋಧೆಯ ಪರೀಕ್ಷೆ. ಅದರಲ್ಲಿ 'ಪಂಚಾಚಾರ ಎಂದರೇನು?' ಎಂಬ ಪ್ರಶ್ನೆ ಬಂದಿತ್ತು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂದು ಐದನ್ನೂ ಬರೆಯಬೇಕಾದಲ್ಲಿ ನಮ್ಮ ಸಹಪಾಠಿಯೊಬ್ಬನು, 'ಪಂಚೆಯನ್ನು ನಿತ್ಯವೂ ಒಗೆದು, ಮಡಿಸಿ, ನೆಲಕ್ಕೆ ತಾಗದಂತೆ ಉಡುವುದೇ ಪಂಚೆ ಆಚಾರ' ಎಂದು ಅರ್ಧ ಪುಟ ಬರೆದಿದ್ದನು. ಉಪಾಧ್ಯಾಯರು ಅದನ್ನು ತರಗತಿಯಲ್ಲಿ ಓದಿ ಹೇಳಿದಾಗ ಛಾವಣಿ ಹಾರುವಂತೆ ನಕ್ಕೆವು. ಆದರೆ ಆ ಹುಡುಗನ ಪಂಚೆಯಷ್ಟು ಶುಭ್ರವಾದ ಪಂಚೆ ಇಡೀ ನಿಲಯದಲ್ಲಿ ಇನ್ನೊಂದಿರಲಿಲ್ಲವೆಂಬುದೂ ನಿಜ.

ಇನ್ನೊಬ್ಬನು ದೀಕ್ಷೆಯಾದ ಹೊಸತರಲ್ಲಿ ಹಿರಿಯರ ಬಳಿ ಹೋಗಿ, 'ಇಷ್ಟಲಿಂಗವನ್ನು ನನಗೆ ಕೊಟ್ಟಿರಿ, ಅಷ್ಟಲಿಂಗವನ್ನು ಯಾವಾಗ ಕೊಡುತ್ತೀರಿ?' ಎಂದು ವಿನಯದಿಂದ ವಿಚಾರಿಸಿದನು. 'ಇಷ್ಟ' ಎಂಬುದನ್ನು ಅವನು 'ಇಷ್ಟು' ಎಂದು ತಿಳಿದಿದ್ದನು. ಚಿಕ್ಕವರಿಗೆ ಇಷ್ಟು, ದೊಡ್ಡವರಾದ ಮೇಲೆ ಅಷ್ಟು ಎಂಬುದು ಅವನ ಲೆಕ್ಕ. ಊಟದ ಪಂಕ್ತಿಯಲ್ಲಿ ಮುದ್ದೆಯನ್ನು ಹಾಗೆಯೇ ಅಳೆದು ಬಡಿಸುತ್ತಿದ್ದುದರಿಂದ ಅವನ ತರ್ಕವನ್ನು ತೀರ ತಳ್ಳಿಹಾಕುವಂತೆಯೂ ಇರಲಿಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ನಮ್ಮೂರಿನ ಭಜನೆಯಲ್ಲಿ ಹಾಡುತ್ತಿದ್ದ ತಾಯಿಯೊಬ್ಬರು 'ಭವಬಂಧನ' ಎಂದು ಬರುವಲ್ಲೆಲ್ಲ 'ಬಾವಬಂಧನ' ಎಂದೇ ಹಾಡುತ್ತಿದ್ದರು. ಅವರ ಮನೆಯಲ್ಲಿ ಬಾವನವರು ಬಂದು ಠಿಕಾಣಿ ಹೂಡಿ ವರ್ಷವಾಗಿತ್ತು. ಆ ಬಂಧನದಿಂದ ಬಿಡಿಸೆಂದು ಶಿವನನ್ನು ಅವರು ಕರೆಯುತ್ತಿದ್ದ ಆರ್ತತೆ ಬೇರೆ ಯಾರ ಹಾಡಿನಲ್ಲಿಯೂ ಇರುತ್ತಿರಲಿಲ್ಲ. ಮಠದ ಎದುರಿನ ಹೋಟೆಲಿನಲ್ಲಿ ವಿವಿಧ ಭಾರತಿಯ ಹಿಂದಿ ಹಾಡುಗಳು ಕೇಳಿಬರುತ್ತಿದ್ದವು. ಹಿಂದಿಯ ಗಂಧವಿಲ್ಲದ ಅಲ್ಲಿಯ ಭಟ್ಟನು ಹಾಡಿನಲ್ಲಿ 'ಹಾಲ್' ಎಂಬ ಪದ ಬಂದಾಗಲೆಲ್ಲ, 'ಪಾಪ, ಅಲ್ಲಿಯೂ ಹಾಲಿಗೆ ತಾಪತ್ರಯವೇ' ಎಂದು ಮರುಗುತ್ತಿದ್ದನು. ಹಿಂದಿಯಲ್ಲಿ ಅದಕ್ಕೆ ಸ್ಥಿತಿಗತಿ ಎಂದು ಅರ್ಥ. ಪ್ರೇಮಿಯು ತನ್ನ ಎದೆಯ ಸ್ಥಿತಿಯನ್ನು ಹೇಳಿಕೊಳ್ಳುತ್ತಿದ್ದರೆ ನಮ್ಮ ಭಟ್ಟನಿಗೆ ಬೆಳಗಿನ ಕಾಫಿಯ ಚಿಂತೆ.

ಹೀಗೇಕಾಗುತ್ತದೆ? ಕಾರಣವು ಸರಳವಾಗಿದೆ. ನಾವು ಮಾತನಾಡುವಾಗ ಪದಪದಗಳ ನಡುವೆ ಜಾಗ ಬಿಡುವುದಿಲ್ಲ. ಬರಹದಲ್ಲಿ ಕಾಣುವ ಬಿಡುವು ಉಚ್ಚಾರದಲ್ಲಿ ಇರುವುದಿಲ್ಲ. ಧ್ವನಿಯ ಪ್ರವಾಹವನ್ನು ಪದಗಳಾಗಿ ಕತ್ತರಿಸುವ ಕೆಲಸವನ್ನು ಕೇಳುವವನ ಮನಸ್ಸೇ ಮಾಡಬೇಕು. ಕನ್ನಡದಲ್ಲಿಯಂತೂ ಸಂಧಿಯು ಎರಡು ಪದಗಳನ್ನು ಬೆಸೆದುಬಿಡುತ್ತದೆ. ಹಾಡಿನಲ್ಲಿ ತಾಳಕ್ಕಾಗಿ ಹ್ರಸ್ವವು ದೀರ್ಘವಾಗುತ್ತದೆ, ಒಂದೇ ಪದವು ಎರಡು ಆವರ್ತಗಳಲ್ಲಿ ಹರಿದುಹೋಗುತ್ತದೆ. ಗಮಕಿಗಳು ಕಾವ್ಯವಾಚನದಲ್ಲಿ ಪದವಿಭಾಗಕ್ಕೆ ಅಷ್ಟೊಂದು ಮಹತ್ತ್ವ ಕೊಡುವುದು ಇದಕ್ಕಾಗಿಯೇ. ಇದರ ಮೇಲೆ ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರವು ಅಕಾರವಾಗುತ್ತದೆ. ದೇವರನ್ನು 'ಹರಸು' ಎಂದು ಬೇಡಿಕೊಂಡರೆ ಕೇಳುವವರಿಗೆ 'ಅರಸು' ಎಂದು ಕೇಳುತ್ತದೆ. ಇಂಥ ಎಡೆಗಳಲ್ಲಿ ಮನಸ್ಸು ಸುಮ್ಮನಿರುವುದಿಲ್ಲ. ತಿಳಿಯದ ಪದವಿದ್ದ ಜಾಗದಲ್ಲಿ ತಿಳಿದ ಪದವೊಂದನ್ನು ತಂದು ಕೂರಿಸುತ್ತದೆ. ಇಂಗ್ಲಿಷಿನ ಹಾಸ್ಪಿಟಲ್ ನಮ್ಮಲ್ಲಿ ಆಸ್ಪತ್ರೆಯಾದದ್ದು ಹೀಗೆಯೇ. ಬಿಲ್ವಪತ್ರೆಯನ್ನು ಬಲ್ಲ ನಾಲಗೆಗೆ 'ಪತ್ರೆ' ಎಂಬುದು ಒಗ್ಗಿದ ಶಬ್ದ.

ಇದು ನಮ್ಮ ನಾಡಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಎಂಬವರು 1954ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬಾಲ್ಯದಲ್ಲಿ ಅವರ ತಾಯಿ ಸ್ಕಾಟ್ಲೆಂಡಿನ ಹಳೆಯ ಲಾವಣಿಯೊಂದನ್ನು ಓದಿ ಹೇಳುತ್ತಿದ್ದರಂತೆ. 1592ರಲ್ಲಿ ಕೊಲೆಯಾದ ಮೊರೆಯ ಸಾಮಂತನ ಕಥೆ ಅದು. ಕೊಂದವರು ಅವನ ದೇಹವನ್ನು ಹುಲ್ಲಿನ ಮೇಲೆ ಮಲಗಿಸಿದರೆಂಬ ಮಾತು ಈ ಬಾಲಕಿಗೆ 'ಲೇಡಿ ಮಾಂಡಗ್ರೀನ್' ಎಂಬ ಒಬ್ಬ ರಮಣಿಯ ಹೆಸರಾಗಿ ಕೇಳಿಸಿತು. ಸಾಮಂತನೊಡನೆ ಆ ಸಾಧ್ವಿಯೂ ಸತ್ತಳೆಂದು ಆಕೆ ಬಹುಕಾಲ ಮರುಗಿದಳು. ಅಂಥವಳು ಕಥೆಯಲ್ಲಿ ಇರಲೇ ಇಲ್ಲ! ಹೀಗೆ ತಪ್ಪಾಗಿ ಕೇಳಿಸಿಕೊಂಡ ನುಡಿಗೆ ಇಂಗ್ಲಿಷಿನಲ್ಲಿ 'ಮಾಂಡಗ್ರೀನ್' ಎಂಬ ಹೆಸರೇ ನಿಂತಿತು. 2008ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಅದಕ್ಕೆ ಸ್ಥಾನವನ್ನಿತ್ತಿತು. ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಎಂಬ ಶೋಕದ ಕರೆಯನ್ನು 'ಹಾಬ್ಸನ್ ಜಾಬ್ಸನ್' ಎಂದು ತಮ್ಮವರ ಹೆಸರುಗಳಾಗಿ ಮಾರ್ಪಡಿಸಿಕೊಂಡಿದ್ದರು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಶಬ್ದಕೋಶಕ್ಕೆ ಅದನ್ನೇ ಹೆಸರಾಗಿ ಇಟ್ಟರು.

ನಗುವುದು ಸುಲಭ. ಆದರೆ ನಮ್ಮ ವಚನಗಳೂ ಇಂಥ ಕಿವಿ ಮತ್ತು ಕೈಗಳನ್ನು ದಾಟಿಯೇ ಬಂದಿವೆಯೆಂಬುದನ್ನು ಮರೆಯಬಾರದು. ಹನ್ನೆರಡನೆಯ ಶತಮಾನದ ಶರಣರ ಹಸ್ತಾಕ್ಷರ ನಮಗೆ ದೊರೆತಿಲ್ಲ. ದೊರೆತಿರುವುದು ಪ್ರತಿಯಿಂದ ಪ್ರತಿಗೆ ಇಳಿದುಬಂದ ಓಲೆಗರಿಗಳು. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. 'ಕೊಡು' ಮತ್ತು 'ಕೋಡು' ಎರಡಕ್ಕೂ ಒಂದೇ ಬರಹ. ಪೂಜ್ಯ ಫ.ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದುದರ ಹಿಂದಿನ ಶ್ರಮವನ್ನು ಈ ದೃಷ್ಟಿಯಿಂದಲೂ ನೋಡಬೇಕು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದದ್ದೂ ಇಂಥ ಅನೇಕರ ಪರಿಶ್ರಮದ ಫಲವೇ. ಹಸ್ತಪ್ರತಿಗಳನ್ನು ಹೋಲಿಸುವಾಗ ಗ್ರಂಥಸಂಪಾದಕನು ಸರಿಯೆಂದು ತೋರಿದ ಪಾಠವನ್ನು ಮೇಲೆ ಇಡುತ್ತಾನೆ. ಉಳಿದುದನ್ನು ಎಸೆಯುವುದಿಲ್ಲ, ಪಾಠಾಂತರವೆಂದು ಕೆಳಗೆ ಉಳಿಸುತ್ತಾನೆ. ಒಬ್ಬನು ಹಾಗೆ ಬರೆದನೆಂದರೆ ಹಾಗೆ ತಿಳಿಯಲು ಅವನಿಗೊಂದು ಕಾರಣವಿದ್ದಿರಬೇಕು ಎಂಬುದು ಆ ಶಾಸ್ತ್ರದ ಸೌಜನ್ಯ.

ಈ ಸೌಜನ್ಯವು ಹದಿನೈದನೆಯ ವಯಸ್ಸಿನಲ್ಲಿ ನಮಗಿರಲಿಲ್ಲ. ಅದನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅಪ್ರಾಮಾಣಿಕತೆಯಾದೀತು.

ನಮ್ಮ ತಂದೆಯವರು ನಾವು ಏಳು ವರ್ಷದವರಾಗಿದ್ದಾಗಲೇ ಲಿಂಗೈಕ್ಯರಾದರು. ತಾಯಿಯವರಿಗೆ ಓದುಬರಹವಿರಲಿಲ್ಲ. ಪ್ರತಿದಿನ ಮುಸ್ಸಂಜೆ ದೀಪ ಹಚ್ಚಿ, ಆರತಿ ಎತ್ತಿ, ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ 'ಶರಣು ಶರಣಾರತಿ, ಶರಣು ಶರಣಾರತಿ' ಎನ್ನುತ್ತಿದ್ದರು. 1974ರ ಬೇಸಗೆಯ ರಜೆಯಲ್ಲಿ ನಾವು ಊರಿಗೆ ಹೋದಾಗ ಮನೆಯಲ್ಲಿ ನೆಂಟರು ನೆರೆದಿದ್ದರು. ಹೊಸದಾಗಿ ಕಲಿತ ಸಂಸ್ಕೃತ ನಮ್ಮ ತಲೆಗೇರಿತ್ತು. ಎಲ್ಲರೆದುರಿಗೆ, 'ಅವ್ವಾ, ಅದು ಶರಣಾರತಿ ಅಲ್ಲ, ಶರಣಾರ್ಥಿ. ಅರ್ಥಿ ಎಂದರೆ ಬೇಡುವವನು. ಆರತಿಗೂ ಅದಕ್ಕೂ ಸಂಬಂಧವೇ ಇಲ್ಲ' ಎಂದು ಪಾಠ ಹೇಳಿದೆವು. ನೆಂಟರು ನಕ್ಕರು. ಅವ್ವನೂ ನಕ್ಕು, 'ನಂಗೇನ್ ಗೊತ್ತು ಮಗ, ಕಿವಿಗೆ ಬಿದ್ದಂಗೆ ಅಂದೆ' ಎಂದರು. ಮರುದಿನದಿಂದ ದೀಪ ಹಚ್ಚಿದರು, ಆರತಿಯನ್ನೂ ಎತ್ತಿದರು, ಬಾಯಿ ಬಿಡಲಿಲ್ಲ.

ಮಠಕ್ಕೆ ಮರಳಿ ಈ ಸಂಗತಿಯನ್ನು ನಮ್ಮ ಪಾಂಡಿತ್ಯದ ಸಾಕ್ಷಿಯೆಂಬಂತೆ ಗುರುಗಳ ಸನ್ನಿಧಿಯಲ್ಲಿ ನಿವೇದಿಸಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, 'ಅಕ್ಷರ ತಿದ್ದಿದೆ, ಸರಿ. ನಿಮ್ಮವ್ವ ಆ ಆರತಿಯನ್ನು ಯಾರಿಗೆ ಎತ್ತುತ್ತಿದ್ದರು ಎಂದು ಕೇಳಿದೆಯಾ ಮರಿ?' ಎಂದರು. 'ಇಲ್ಲ ಬುದ್ಧಿ' ಎಂದೆವು. 'ಕೇಳಬೇಕಾಗಿತ್ತು' ಎಂದಷ್ಟೇ ನುಡಿದು ಪೂಜೆಗೆ ಎದ್ದರು.

ದಸರೆಯ ರಜೆಯಲ್ಲಿ ಊರಿಗೆ ಹೋದವರು ಮೊದಲು ಅದನ್ನೇ ಕೇಳಿದೆವು. ಅವ್ವ ಬತ್ತಿ ಹೊಸೆಯುತ್ತ ಹೇಳಿದರು: 'ಹೋದೋರೆಲ್ಲ ಶರಣರೇ ಅಲ್ವಾ ಮಗ. ಮೊದ್ಲು ಬಸವಣ್ಣಂಗೆ, ಆಮೇಲೆ ಬುದ್ಧಿಯೋರ್ಗೆ, ಆಮೇಲೆ ನಿಮ್ಮಪ್ಪಂಗೆ. ಒಬ್ಬೊಬ್ರಿಗೂ ಒಂದೊಂದು ಆರತಿ.' ತಟ್ಟೆ ಸ್ವಲ್ಪ ಸ್ವಲ್ಪವೇ ತಿರುಗುತ್ತಿದ್ದುದರ ಅರ್ಥ ಆಗ ನಮಗೆ ಹೊಳೆಯಿತು. 'ಮೊದಲಿನಂತೆಯೇ ಹೇಳವ್ವ' ಎಂದು ಬೇಡಿದೆವು. 'ತಪ್ಪು ಅಂತ ತಿಳಿದ್ಮೇಲೆ ಬಾಯಿಗೆ ಬರಕಿಲ್ಲ ಕನಪ್ಪ' ಎಂದರು. 1998ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಮಾತನ್ನು ನಾವು ಮತ್ತೆ ಕೇಳಲಿಲ್ಲ. ಶರಣ, ಅರ್ಥಿ ಸೇರಿದರೂ ಸವರ್ಣದೀರ್ಘ ಸಂಧಿಯೇ. ಶರಣ, ಆರತಿ ಸೇರಿದರೂ ಸವರ್ಣದೀರ್ಘ ಸಂಧಿಯೇ. ನಮ್ಮ ವ್ಯಾಕರಣವು ಅವ್ವನ ಪಾಠಕ್ಕೂ ಎಡೆ ಕೊಟ್ಟಿತ್ತು. ನಾವು ಕೊಡಲಿಲ್ಲ.

ತಪ್ಪನ್ನು ತಿದ್ದಬಾರದೆಂದು ನಾವು ಹೇಳುತ್ತಿಲ್ಲ. ಮಂತ್ರವು ಮಂತ್ರವಾಗಿಯೇ, ವಚನವು ವಚನವಾಗಿಯೇ ಮುಂದಿನ ತಲೆಮಾರಿಗೆ ತಲುಪಬೇಕು. ಆದರೆ ಮಗು ತಪ್ಪಾಗಿ ಹೇಳಿತೆಂದರೆ, ಅರ್ಥ ತಿಳಿಸದೆ ಶಬ್ದವನ್ನು ಮಾತ್ರ ಅದರ ಬಾಯಿಗೆ ತುರುಕಿದೆವೆಂದೇ ತಿಳಿಯಬೇಕು. ಮೊದಲು 'ನೀನು ಏನೆಂದು ತಿಳಿದಿದ್ದೀಯೆ?' ಎಂದು ಕೇಳೋಣ. ಅದು ಹೇಳುವುದನ್ನು ಪೂರ್ತಿಯಾಗಿ ಆಲಿಸೋಣ. ಆಮೇಲೆ ಸರಿಯಾದ ಪದವನ್ನೂ ಅದರ ಅರ್ಥವನ್ನೂ ಒಟ್ಟಿಗೆ ಕೊಡೋಣ. ಅರ್ಥ ತಿಳಿದ ಪದವು ಸುಲಭವಾಗಿ ಕೆಡುವುದಿಲ್ಲ. ಮನೆಯ ಹಿರಿಯರ ವಿಷಯದಲ್ಲಂತೂ, ತಿದ್ದುವುದಕ್ಕಿಂತ ಕೇಳುವುದೇ ಲೇಸು.

ಅಂದು ಸಂಜೆ ತಮ್ಮನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ನಮಃ ಎಂದರೆ ನಮಸ್ಕಾರ. ನಿನ್ನ ಶಿವನಿಗೆ ನೀನು ನಮಸ್ಕಾರ ಮಾಡುವುದು ಬೇಡವೇ?' ಎಂದೆವು. ಮಗು ಯೋಚಿಸಿ, 'ಹಾಗಾದ್ರೆ ನಮ್ಮ ಶಿವಂಗೆ ನಮಃ' ಎಂದು ಕೈ ಮುಗಿಯಿತು. ಅದನ್ನು ನಾವು ತಿದ್ದಲಿಲ್ಲ. ನಮ್ಮ ಅವ್ವನ ಪಾಠಾಂತರವನ್ನು ಮಾತ್ರ ಐವತ್ತು ವರ್ಷ ತಡವಾಗಿ ಇಲ್ಲಿ ದಾಖಲಿಸುತ್ತಿದ್ದೇವೆ. ಓದಿದ ಎಲ್ಲರಿಗೂ ಶರಣು ಶರಣಾರ್ಥಿ. ಹೋದವರಿಗೆಲ್ಲ ಶರಣಾರತಿ.